ಬಚ್ಚಲುಮನೆಯ ದೀಪ ಆರಿಸುವವರು ಯಾರು?



"ಬಚ್ಚಲದಾಗ ಲೈಟ್ ಹಂಗ ಬಿಟ್ಟವರು ಯಾರು?"

ಈ ಪ್ರಶ್ನೆಯನ್ನು ನಿಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ್ದೀರಿ? ಗೋಕಾಕವಿರಲಿ, ಮೂಡಲಗಿಯಿರಲಿ, ಹುಕ್ಕೇರಿಯಿರಲಿ, ಉತ್ತರ ಮಾತ್ರ ಎಲ್ಲ ಕಡೆ ಒಂದೇ: "ನಾ ಅಲ್ಲ!" ಅಣ್ಣ ತಮ್ಮನ ಕಡೆ ಕೈ ತೋರಿಸುತ್ತಾನೆ. ತಮ್ಮ ಅಕ್ಕನ ಕಡೆ ತೋರಿಸುತ್ತಾನೆ. ಕೊನೆಗೆ ಎಲ್ಲರೂ ಸೇರಿ ಅಜ್ಜಿಯ ಮೇಲೆ ಹಾಕುತ್ತಾರೆ. ಪಾಪ, ಅಜ್ಜಿ ಮಾತಾಡದೆ ಎದ್ದು ಹೋಗಿ ದೀಪ ಆರಿಸಿ ಬರುತ್ತಾಳೆ.

ಈಗ ಪೇಟೆಯಲ್ಲಿ ತಾನೇ ಹತ್ತಿ ತಾನೇ ಆರುವ ಸ್ವಿಚ್ಚುಗಳು ಸಿಗುತ್ತವೆ. "ಅದನ್ನೇ ಹಾಕಿಸಿಬಿಡೋಣ, ಜಗಳವೇ ಬೇಡ" ಎನ್ನುವವರಿದ್ದಾರೆ. ಹಾಗೆ ಮಾಡಿದರೆ ನಿಜವಾಗಿಯೂ ವಿದ್ಯುತ್ ಉಳಿಯುತ್ತದೆಯೇ? ಯಾವ ಸ್ವಿಚ್ಚು ಯಾವ ಮನೆಗೆ ಸರಿ? ಯಾವುದು ಅಪಾಯಕಾರಿ? ಇವನ್ನು ತಿಳಿಯಲು ಸ್ವಲ್ಪ ವಿಜ್ಞಾನ, ಸ್ವಲ್ಪ ಗಣಿತ ಸಾಕು. ಪೆನ್ಸಿಲ್ಲು, ಹಾಳೆ ತೆಗೆದುಕೊಂಡು ಕುಳಿತುಕೊಳ್ಳಿ.

ಈ ದೀಪವನ್ನೇ ಏಕೆ ಮರೆಯುತ್ತೇವೆ?

ಪಡಸಾಲೆಯ ದೀಪ ಸುಮ್ಮನೆ ಉರಿಯುತ್ತಿದ್ದರೆ ಯಾರಾದರೊಬ್ಬರು ನೋಡಿ ಆರಿಸುತ್ತಾರೆ. ಬಚ್ಚಲುಮನೆಯ ದೀಪ ಹಾಗಲ್ಲ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಬಾಗಿಲು. ಜಳಕ ಮುಗಿಸಿ ಹೊರಬಂದವರು ಬಾಗಿಲು ಎಳೆದುಕೊಳ್ಳುತ್ತಾರೆ. ಬೆಳಕು ಒಳಗೇ ಉಳಿಯುತ್ತದೆ. ಕಣ್ಣಿಗೆ ಕಾಣದ್ದು ನೆನಪಿಗೂ ಬರುವುದಿಲ್ಲ.

ಎರಡನೆಯದು, ಕೈ. ಹೊರಬರುವಾಗ ಕೈ ಒದ್ದೆಯಾಗಿರುತ್ತದೆ, ಇಲ್ಲವೇ ಕೈಯಲ್ಲಿ ಟವೆಲ್ಲು, ಬಟ್ಟೆ, ತಂಬಿಗೆ ಇರುತ್ತವೆ. "ಕೈ ಒರೆಸಿಕೊಂಡು ಆಮೇಲೆ ಆರಿಸಿದರಾಯಿತು" ಎಂದು ಮುಂದೆ ಹೋಗುತ್ತೇವೆ. ಆ "ಆಮೇಲೆ" ಬರುವುದೇ ಇಲ್ಲ.

ಮೂರನೆಯದು, ಸ್ವಿಚ್ಚಿನ ಜಾಗ. ನಮ್ಮ ಅನೇಕ ಮನೆಗಳಲ್ಲಿ ಬಚ್ಚಲುಮನೆಯ ಸ್ವಿಚ್ಚು ಹೊರಗಿನ ಗೋಡೆಯ ಮೇಲೆ, ಒಂದೇ ಬೋರ್ಡಿನಲ್ಲಿ ನಾಲ್ಕೈದು ಸ್ವಿಚ್ಚುಗಳ ನಡುವೆ ಇರುತ್ತದೆ. ನೋಡಲು ಎಲ್ಲವೂ ಒಂದೇ ಥರ. ಯಾವುದು ಕೆಳಗಿದೆ, ಯಾವುದು ಮೇಲಿದೆ ಎಂದು ಯಾರು ನೋಡುತ್ತಾರೆ?

ಹಾಗಾದರೆ ಸ್ವಿಚ್ಚನ್ನು ಒಳಗೇ ಹಾಕಿಸಬಹುದಲ್ಲ ಎಂದು ನೀವು ಕೇಳಬಹುದು. ಬೇಡ. ಹೊರಗೆ ಹಾಕಿರುವುದಕ್ಕೆ ಬಲವಾದ ಕಾರಣವಿದೆ. ಒಣ ಚರ್ಮ ವಿದ್ಯುತ್ತಿಗೆ ಸಾಕಷ್ಟು ತಡೆ ಒಡ್ಡುತ್ತದೆ. ಚರ್ಮ ಒದ್ದೆಯಾದರೆ ಆ ತಡೆ ಬಹಳ ಕುಗ್ಗುತ್ತದೆ. ಒಣಗಿದ ಕೈಗೆ ಜುಮ್ಮೆನ್ನಿಸಿ ಬಿಡುವ ಆಘಾತ ಒದ್ದೆ ಮೈಗೆ ಪ್ರಾಣಾಂತಿಕವಾಗಬಹುದು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್ ವಿದ್ಯುತ್ ಎಂಬುದನ್ನು ಮರೆಯಬೇಡಿ. ಆದ್ದರಿಂದ ಸ್ವಿಚ್ಚು ಹೊರಗೇ ಇರಲಿ.

ಸ್ವಿಚ್ಚಿನ ಒಳಗೆ ಏನಿದೆ?

ನೀರಿಗೆ ನಲ್ಲಿ ಇದ್ದಂತೆ ವಿದ್ಯುತ್ತಿಗೆ ಸ್ವಿಚ್ಚು ಎಂದು ಹೇಳುವುದುಂಟು. ಆದರೆ ಒಂದು ವ್ಯತ್ಯಾಸವಿದೆ. ನಲ್ಲಿ ತೆರೆದರೆ ನೀರು ಹರಿಯುತ್ತದೆ. ವಿದ್ಯುತ್ ಮಂಡಲವನ್ನು ತೆರೆದರೆ ವಿದ್ಯುತ್ ನಿಲ್ಲುತ್ತದೆ! ಮಂಡಲ ಮುಚ್ಚಿದಾಗ, ಅಂದರೆ ತಂತಿಯ ದಾರಿ ಎಲ್ಲೂ ಕಡಿಯದೆ ಪೂರ್ತಿಯಾದಾಗ ಮಾತ್ರ ಪ್ರವಾಹ ಹರಿಯುತ್ತದೆ. ಸ್ವಿಚ್ಚು ಮಾಡುವ ಕೆಲಸ ಇಷ್ಟೇ: ದಾರಿಯಲ್ಲಿ ಒಂದು ಸಣ್ಣ ಸೇತುವೆಯನ್ನು ಇಡುವುದು, ತೆಗೆಯುವುದು.

ಸ್ವಿಚ್ಚಿನ ಒಳಗೆ ಹಿತ್ತಾಳೆಯಂಥ ಲೋಹದ ಪಟ್ಟಿ ಮತ್ತು ಒಂದು ಸ್ಪ್ರಿಂಗ್ ಇರುತ್ತವೆ. ನೀವು ಒತ್ತಿದಾಗ ಮೊದಲು ಸ್ಪ್ರಿಂಗ್ ಬಿಗಿಯಾಗುತ್ತದೆ. ಒಂದು ಹಂತ ದಾಟಿದೊಡನೆ ಲೋಹದ ಪಟ್ಟಿಯನ್ನು ಅದು ಫಟ್ಟನೆ ಆಚೆಗೆ ತಳ್ಳುತ್ತದೆ. "ಟಕ್" ಎಂಬ ಶಬ್ದ ಬರುವುದು ಆಗಲೇ.

ಈ ಅವಸರ ಏಕೆ? ಲೋಹದ ತುದಿಗಳನ್ನು ನಿಧಾನವಾಗಿ ಬೇರ್ಪಡಿಸಿದರೆ ನಡುವಿನ ಕಿರಿದಾದ ಗಾಳಿಯಲ್ಲಿ ಕಿಡಿ ಹಾರುತ್ತದೆ. ಆ ಕಿಡಿ ಲೋಹವನ್ನು ಸುಡುತ್ತದೆ. ಬೇಗ ದೂರ ಸರಿದರೆ ಕಿಡಿಗೆ ಹೆಚ್ಚು ಕಾಲ ಸಿಗುವುದಿಲ್ಲ. ಇಂಗ್ಲೆಂಡಿನ ನ್ಯೂಕಾಸಲ್ ನಗರದ ಜಾನ್ ಹೆನ್ರಿ ಹೋಮ್ಸ್ ಎಂಬ ಎಂಜಿನಿಯರ್ ಹೀಗೆ ಫಟ್ಟನೆ ಕಡಿಯುವ ಸ್ವಿಚ್ಚನ್ನು 1884ರಲ್ಲಿ ರೂಪಿಸಿದರು. ಇಂದು ನಿಮ್ಮ ಮನೆಯ ಗೋಡೆಯ ಮೇಲಿರುವ ಸ್ವಿಚ್ಚು ಕೆಲಸ ಮಾಡುವುದೂ ಅದೇ ತತ್ತ್ವದ ಮೇಲೆ. ಸ್ವಿಚ್ಚು ಒತ್ತಿದಾಗ "ಟಕ್" ಎನ್ನದೆ "ಚರ್‌ರ್" ಎಂದರೆ, ಅಥವಾ ಮುಟ್ಟಿದರೆ ಬಿಸಿಯಾಗಿದ್ದರೆ, ಅದು ಹಾಳಾಗಿದೆ ಎಂದರ್ಥ. ಕೂಡಲೇ ಹಿರಿಯರಿಗೆ ತಿಳಿಸಿ.

ಮರೆತ ದೀಪದ ಲೆಕ್ಕ

ಈಗ ಗಣಿತಕ್ಕೆ ಬರೋಣ. ಬಲ್ಬಿನ ಮೇಲೆ ಅದರ ವ್ಯಾಟ್ ಬರೆದಿರುತ್ತದೆ. ವ್ಯಾಟನ್ನು ತಾಸಿನಿಂದ ಗುಣಿಸಿ, 1000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. 1000 ವ್ಯಾಟಿನ ಸಾಧನ ಒಂದು ತಾಸು ನಡೆದರೆ 1 ಯೂನಿಟ್.

ನಿಮ್ಮ ಬಚ್ಚಲುಮನೆಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಇದೆ, ದಿನಕ್ಕೆ 3 ತಾಸು ಅದನ್ನು ಆರಿಸಲು ಮರೆಯುತ್ತೀರಿ ಎಂದಿಟ್ಟುಕೊಳ್ಳಿ.

ಒಂದು ದಿನಕ್ಕೆ: 9 × 3 = 27 ವ್ಯಾಟ್ ತಾಸು
30 ದಿನಕ್ಕೆ: 27 × 30 = 810 ವ್ಯಾಟ್ ತಾಸು, ಅಂದರೆ 0.81 ಯೂನಿಟ್
ಒಂದು ವರ್ಷಕ್ಕೆ: 27 × 365 = 9,855 ವ್ಯಾಟ್ ತಾಸು, ಅಂದರೆ ಸುಮಾರು 10 ಯೂನಿಟ್

ಅದೇ ಜಾಗದಲ್ಲಿ ಹಳೆಯ 60 ವ್ಯಾಟಿನ ತಂತಿ ಬಲ್ಬ್ ಇದ್ದರೆ? ತಿಂಗಳಿಗೆ 5.4 ಯೂನಿಟ್, ವರ್ಷಕ್ಕೆ ಸುಮಾರು 66 ಯೂನಿಟ್. ನೀವೇ ಗುಣಿಸಿ ನೋಡಿ.

ಇಲ್ಲಿ ಒಂದು ಸ್ವಾರಸ್ಯವಿದೆ. 60 ವ್ಯಾಟಿನ ಬಲ್ಬನ್ನು ಒಮ್ಮೆಯೂ ಮರೆಯದೆ ದಿನಕ್ಕೆ 2 ತಾಸು ಮಾತ್ರ ಉರಿಸಿದರೆ 120 ವ್ಯಾಟ್ ತಾಸು ಖರ್ಚು. 9 ವ್ಯಾಟಿನ ಎಲ್‌ಇಡಿಯನ್ನು 12 ತಾಸು ಉರಿಯಲು ಬಿಟ್ಟರೂ ಖರ್ಚು 108 ವ್ಯಾಟ್ ತಾಸು ಮಾತ್ರ! ಅಂದರೆ ಸ್ವಿಚ್ಚು ಬದಲಿಸುವ ಮೊದಲು ಬಲ್ಬು ಬದಲಿಸಬೇಕು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬುಗಳನ್ನು ಹಂಚಿದ್ದರ ಹಿಂದೆ ಇದೇ ಲೆಕ್ಕವಿದೆ.

ಹಾಗೆಂದು ಎಲ್‌ಇಡಿ ದೀಪವನ್ನು ಉರಿಯಲು ಬಿಟ್ಟರೆ ತಪ್ಪಿಲ್ಲ ಎನ್ನಬಹುದೇ? ಒಂದು ಮನೆಯ 27 ವ್ಯಾಟ್ ತಾಸು ಚಿಕ್ಕದೇ. ಆದರೆ 1,000 ಮನೆಗಳ ಒಂದು ಊರನ್ನು ಯೋಚಿಸಿ. ಎಲ್ಲರೂ ಹೀಗೆ ಮರೆತರೆ ದಿನಕ್ಕೆ 27 ಯೂನಿಟ್. 5 ಎಚ್‌ಪಿ ಪಂಪ್‌ಸೆಟ್ ತಾಸಿಗೆ ಸುಮಾರು 4 ಯೂನಿಟ್ ಬಳಸುತ್ತದೆ. ಹಾಗಾದರೆ ಖಾಲಿ ಬಚ್ಚಲುಮನೆಗಳಲ್ಲಿ ಉರಿದ ವಿದ್ಯುತ್ತಿನಿಂದ ಒಬ್ಬ ರೈತರು ತಮ್ಮ ಕಬ್ಬಿಗೆ ಆರೂವರೆ ತಾಸಿಗಿಂತ ಹೆಚ್ಚು ಹೊತ್ತು ನೀರು ಹಾಯಿಸಬಹುದಿತ್ತು.

ಒಂದು ಯೂನಿಟ್‌ಗೆ ಎಷ್ಟು ಕೊಡ ನೀರು?

ಗೋಕಾಕ ಜಲಪಾತವನ್ನು ನೀವು ನೋಡಿರುತ್ತೀರಿ. ಘಟಪ್ರಭಾ ನದಿ ಅಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಹೀಗೆ ಬೀಳುವ ನೀರಿನ ಬಲವನ್ನು 1880ರ ದಶಕದಲ್ಲಿಯೇ ಅಲ್ಲಿನ ಹತ್ತಿ ಗಿರಣಿಗೆ ಬಳಸಲು ಆರಂಭಿಸಿದರು. ಜಲಪಾತದ ಬುಡದಲ್ಲಿ ವಿದ್ಯುದಾಗಾರವೂ ಇದೆ. ಅದೇ ನದಿಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಅಣೆಕಟ್ಟು ಕಟ್ಟಲಾಗಿದ್ದು, ಅಲ್ಲಿ 32 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ.

ಬೀಳುವ ನೀರಿನಲ್ಲಿ ಎಷ್ಟು ಶಕ್ತಿ ಇರುತ್ತದೆ? 1 ಲೀಟರ್ ನೀರು 1 ಕಿಲೋಗ್ರಾಂ ತೂಗುತ್ತದೆ. ಅದು 1 ಮೀಟರ್ ಕೆಳಗೆ ಬಿದ್ದರೆ ಸುಮಾರು 9.8 ಜೂಲ್ ಶಕ್ತಿ ಸಿಗುತ್ತದೆ. 52 ಮೀಟರ್ ಬಿದ್ದರೆ ಸುಮಾರು 510 ಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ಭಾಗಿಸಿ ನೋಡಿ:

36,00,000 ÷ 510 = ಸುಮಾರು 7,000

ಗೋಕಾಕ ಜಲಪಾತದಷ್ಟು ಎತ್ತರದಿಂದ 7,000 ಲೀಟರ್ ನೀರು ಬಿದ್ದರೆ ಒಂದು ಯೂನಿಟ್‌ನಷ್ಟು ಶಕ್ತಿ. ಒಂದು ಕೊಡಕ್ಕೆ 14 ಲೀಟರ್ ಎಂದರೆ 500 ಕೊಡ ನೀರು! ಯಂತ್ರಗಳಲ್ಲಿಯೂ ತಂತಿಗಳಲ್ಲಿಯೂ ಸ್ವಲ್ಪ ಶಕ್ತಿ ಶಾಖವಾಗಿ ನಷ್ಟವಾಗುವುದರಿಂದ ನಿಜವಾಗಿ ಇನ್ನೂ ಹೆಚ್ಚು ಬೇಕು. ವರ್ಷಕ್ಕೆ 10 ಯೂನಿಟ್ ಮರೆತರೆ 5,000 ಕೊಡ ನೀರಿನ ಶಕ್ತಿಯನ್ನು ಖಾಲಿ ಬಚ್ಚಲುಮನೆಗೆ ಬೆಳಕು ಕೊಡಲು ಸುರಿದಂತಾಯಿತು.

ನಮ್ಮ ಮನೆಗೆ ಬರುವ ವಿದ್ಯುತ್ತೆಲ್ಲ ನೀರಿನಿಂದಲೇ ಬರುವುದಿಲ್ಲ. ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲು ಸುಟ್ಟು ತಯಾರಿಸಿದ್ದು, ಗಾಳಿಯಂತ್ರಗಳಿಂದ ಬಂದದ್ದು, ಸೌರಫಲಕಗಳಿಂದ ಬಂದದ್ದು, ಎಲ್ಲವೂ ಒಂದೇ ಜಾಲದಲ್ಲಿ ಸೇರಿ ಬರುತ್ತವೆ. ಕಲ್ಲಿದ್ದಲಿನಿಂದಾದರೆ ಒಂದು ಯೂನಿಟ್‌ಗೆ ಅರ್ಧ ಕಿಲೋಗ್ರಾಂಗಿಂತ ಹೆಚ್ಚು ಕಲ್ಲಿದ್ದಲು ಬೂದಿಯಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದಿದ್ದಾಗ ರಾಜ್ಯದಲ್ಲಿ ವಿದ್ಯುತ್ತಿನ ಕೊರತೆ ಉಂಟಾಗಿತ್ತು. ಆಗ ಒಂದೊಂದು ಯೂನಿಟ್ಟಿಗೂ ಬೆಲೆ ಬಂದಿತ್ತು.

ಬಿಲ್ಲು ಸೊನ್ನೆ ಬಂದರೆ?

"ನಮ್ಮ ಮನೆಗೆ ಕರೆಂಟ್ ಬಿಲ್ಲೇ ಇಲ್ಲ. ದೀಪ ಉರಿದರೆ ಉರಿಯಲಿ ಬಿಡಿ." ಹೀಗೆ ಹೇಳುವವರೂ ಇದ್ದಾರೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಮಿತಿಯೊಳಗೆ, ಆಯಾ ಮನೆಯ ಹಿಂದಿನ ಸರಾಸರಿ ಬಳಕೆಗೆ ತಕ್ಕಂತೆ, ವಿದ್ಯುತ್ ಉಚಿತ. ಆದರೆ ಬಿಲ್ಲಿನಲ್ಲಿ ಸೊನ್ನೆ ಇದ್ದರೂ ಮೀಟರಿನಲ್ಲಿ ಸೊನ್ನೆ ಇರುವುದಿಲ್ಲ. ಆ ಹಣವನ್ನು ಸರ್ಕಾರ ತುಂಬುತ್ತದೆ. ಸರ್ಕಾರದ ಹಣ ಎಂದರೆ ಎಲ್ಲರ ಹಣ. ಮನೆಗೆ ಗೊತ್ತುಮಾಡಿದ ಮಿತಿ ದಾಟಿದರೆ ಬಿಲ್ಲೂ ಬರುತ್ತದೆ.

ಹುಕ್ಕೇರಿ ತಾಲ್ಲೂಕಿನ ವಿದ್ಯಾರ್ಥಿಗಳಿಗೆ ಈ ಮಾತು ಇನ್ನೂ ಹತ್ತಿರದ್ದು. ಗೋಕಾಕ, ಮೂಡಲಗಿಗಳಿಗೆ ವಿದ್ಯುತ್ ಹಂಚುವುದು ಹೆಸ್ಕಾಂ. ಹುಕ್ಕೇರಿಯಲ್ಲಿ ಮಾತ್ರ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಕರ್ನಾಟಕದಲ್ಲಿ ಮನೆಮನೆಗೆ ವಿದ್ಯುತ್ ಹಂಚುವ ಸಹಕಾರಿ ಸಂಘ ಅದೊಂದೇ. ಹಾಲಿನ ಡೇರಿಯಂತೆ, ಸಕ್ಕರೆ ಕಾರ್ಖಾನೆಯಂತೆ ಬಳಕೆದಾರರೇ ಸದಸ್ಯರಾಗಿರುವ ಸಂಸ್ಥೆ ಅದು. ಅಲ್ಲಿ ವ್ಯರ್ಥವಾಗುವ ವಿದ್ಯುತ್ತು ನಿಮ್ಮದೇ ಮನೆಯ ಹಿರಿಯರು ಸದಸ್ಯರಾಗಿರುವ ಸಂಘದ್ದು.

ಯಾವ ಸ್ವಿಚ್ಚು ಹಾಕಿಸೋಣ?

ಈಗ ಅಂಗಡಿಯಲ್ಲಿ ಸಿಗುವ ಸ್ವಿಚ್ಚುಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ. ಅದು ಹೇಗೆ ಕೆಲಸ ಮಾಡುತ್ತದೆ? ಅದು ಎಲ್ಲಿ ಸೋಲುತ್ತದೆ?

1. ಬಾಗಿಲ ಸ್ವಿಚ್ಚು: ಫ್ರಿಜ್ಜಿನ ಬಾಗಿಲು ತೆರೆದರೆ ಒಳಗಿನ ದೀಪ ಹತ್ತುತ್ತದೆ, ಮುಚ್ಚಿದರೆ ಆರುತ್ತದೆ. ಬಾಗಿಲೇ ಒಂದು ಗುಂಡಿಯನ್ನು ಒತ್ತುವ ಸರಳ ಉಪಾಯ ಅದು. ಬಚ್ಚಲುಮನೆಗೂ ಇದನ್ನೇ ಹಾಕಿದರೆ? ಸ್ವಲ್ಪ ಯೋಚಿಸಿ. ಒಳಗೆ ಯಾರಾದರೂ ಇದ್ದಾಗ ಬಾಗಿಲು ಮುಚ್ಚಿರುತ್ತದೆ. ಯಾರೂ ಇಲ್ಲದಿದ್ದಾಗಲೂ ಮುಚ್ಚಿರುತ್ತದೆ! ಒಳಗೆ ಜನ ಇದ್ದಾರೋ ಇಲ್ಲವೋ ಎಂಬುದನ್ನು ಬಾಗಿಲು ಹೇಳಲಾರದು. ಈ ಸ್ವಿಚ್ಚು ಇಲ್ಲಿಗೆ ಆಗದು.

2. ಚಿಲಕದ ಸ್ವಿಚ್ಚು: ಬಾಗಿಲು ಹೇಳಲಾರದ್ದನ್ನು ಒಳಗಿನ ಚಿಲಕ ಹೇಳುತ್ತದೆ. ಚಿಲಕ ಹಾಕಿದ್ದರೆ ಒಳಗೆ ಯಾರೋ ಇದ್ದಾರೆ. ವಿಮಾನದ ಶೌಚಾಲಯದಲ್ಲಿ ಚಿಲಕ ಹಾಕಿದೊಡನೆ ದೀಪ ಪ್ರಖರವಾಗುವುದು ಇದೇ ತತ್ತ್ವದಿಂದ. ಆದರೆ ಮನೆಯಲ್ಲಿ ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ "ಚಿಲಕ ಹಾಕಬೇಡಿ" ಎಂದು ಹೇಳಿರುತ್ತೇವೆ. ಒಳಗೆ ಏನಾದರೂ ಆದರೆ ಹೊರಗಿನವರು ಬಾಗಿಲು ತೆರೆಯಬೇಕಲ್ಲ? ಅವರಿಗೆ ಈ ಸ್ವಿಚ್ಚು ಕತ್ತಲೆಯನ್ನೇ ಕೊಡುತ್ತದೆ.

3. ಸಮಯದ ಸ್ವಿಚ್ಚು: ಒಮ್ಮೆ ಒತ್ತಿದರೆ ಗೊತ್ತುಮಾಡಿದ ಕೆಲವು ನಿಮಿಷ ಉರಿದು ತಾನೇ ಆರುತ್ತದೆ. ಮೆಟ್ಟಿಲುಗಳಿಗೆ ಇದು ಒಳ್ಳೆಯದು. ಬಚ್ಚಲುಮನೆಯಲ್ಲಿ ಮುಖಕ್ಕೆ ಸಾಬೂನು ಹಚ್ಚಿಕೊಂಡಾಗಲೇ ದೀಪ ಆರಿದರೆ? ಒದ್ದೆ ನೆಲದ ಮೇಲೆ ಕತ್ತಲಲ್ಲಿ ತಡಕಾಡಿ ಬೀಳುವ ಭಯ.

4. ಚಲನೆ ಗುರುತಿಸುವ ಸ್ವಿಚ್ಚು: ಇದನ್ನು ಸೆನ್ಸರ್ ಸ್ವಿಚ್ಚು ಎನ್ನುತ್ತಾರೆ. ನಮ್ಮ ಬೆಚ್ಚಗಿನ ದೇಹ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೊರಸೂಸುತ್ತಿರುತ್ತದೆ. ಈ ಸ್ವಿಚ್ಚಿನ ಬಿಳಿ ಗುಮ್ಮಟದೊಳಗೆ ಅವನ್ನು ಗ್ರಹಿಸುವ ಎರಡು ಪುಟ್ಟ ಭಾಗಗಳಿರುತ್ತವೆ. ನೀವು ನಡೆದಾಗ ಒಂದರ ಮೇಲೆ ಮೊದಲು, ಇನ್ನೊಂದರ ಮೇಲೆ ನಂತರ ಕಿರಣ ಬೀಳುತ್ತದೆ. ಆ ವ್ಯತ್ಯಾಸದಿಂದ "ಯಾರೋ ಬಂದರು" ಎಂದು ಅದು ತಿಳಿದು ದೀಪ ಹಚ್ಚುತ್ತದೆ. ಗಮನಿಸಿ: ಅದು ನೋಡುವುದು ಚಲನೆಯನ್ನು. ನೀವು ಅಲುಗಾಡದೆ ಕುಳಿತರೆ ಸ್ವಲ್ಪ ಹೊತ್ತಿನ ನಂತರ "ಯಾರೂ ಇಲ್ಲ" ಎಂದುಕೊಂಡು ದೀಪ ಆರಿಸಿಬಿಡುತ್ತದೆ! ಇನ್ನೊಂದು ತೊಂದರೆ ನಮ್ಮ ಕಡೆಯ ಬೇಸಿಗೆಯದು. ಗೋಡೆಗಳು ದೇಹದಷ್ಟೇ ಬಿಸಿಯಾದಾಗ ದೇಹ ಬೇರೆ, ಗೋಡೆ ಬೇರೆ ಎಂದು ಗುರುತಿಸುವುದು ಅದಕ್ಕೆ ಕಷ್ಟ. ಗಾಜು, ಮರಗಳನ್ನು ದಾಟಿಯೂ ಅದು ನೋಡಲಾರದು. ರೇಡಿಯೋ ತರಂಗ ಬಳಸುವ ಇನ್ನೊಂದು ಬಗೆಯ ಸೆನ್ಸರ್ ತೆಳು ಬಾಗಿಲನ್ನೂ ದಾಟುತ್ತದೆ. ಆದರೆ ಹೊರಗೆ ಯಾರಾದರೂ ಹಾದುಹೋದರೂ ಒಳಗೆ ದೀಪ ಹಚ್ಚಿಬಿಡುತ್ತದೆ.

5. ಸೂಚಕ ದೀಪದ ಸ್ವಿಚ್ಚು: ಇದು ದೀಪವನ್ನು ತಾನೇ ಆರಿಸುವುದಿಲ್ಲ. ಒಳಗೆ ದೀಪ ಉರಿಯುತ್ತಿರುವವರೆಗೆ ಹೊರಗಿನ ಬೋರ್ಡಿನ ಮೇಲೆ ಒಂದು ಪುಟ್ಟ ಕೆಂಪು ದೀಪ ಉರಿಯುತ್ತದೆ. ಅದು ಬಳಸುವುದು ಅರ್ಧ ವ್ಯಾಟ್‌ಗಿಂತ ಕಡಿಮೆ. ಬಾಗಿಲು ಮುಚ್ಚಿದ್ದರಿಂದ ಕಾಣದೇ ಹೋದ ಬೆಳಕನ್ನು ಇದು ಮತ್ತೆ ಕಣ್ಣಿಗೆ ಕಾಣಿಸುತ್ತದೆ. ಮರೆವಿನ ಮೊದಲ ಕಾರಣಕ್ಕೆ ಇದೇ ನೇರವಾದ ಮದ್ದು. ಕೊಳ್ಳುವಾಗ ಮಾತ್ರ ಒಂದು ಪ್ರಶ್ನೆ ಕೇಳಲು ಹಿರಿಯರಿಗೆ ಹೇಳಿ: "ಇದರ ಸೂಚಕ ದೀಪ ಬಲ್ಬ್ ಹತ್ತಿದಾಗ ಉರಿಯುವುದೋ, ಆರಿದಾಗ ಉರಿಯುವುದೋ?" ಆರಿದಾಗ ಉರಿಯುವ ಬಗೆಯೂ ಇದೆ. ಅದು ಕತ್ತಲಲ್ಲಿ ಸ್ವಿಚ್ಚು ಹುಡುಕಲು ಮಾಡಿದ್ದು. ಅದು ಬಲ್ಬಿನ ಮೂಲಕ ತೀರ ಸಣ್ಣ ಪ್ರವಾಹವನ್ನು ಹರಿಸುವುದರಿಂದ ಕೆಲವು ಎಲ್‌ಇಡಿ ಬಲ್ಬುಗಳು ಆರಿಸಿದ ಮೇಲೂ ಮಿಣುಕುತ್ತವೆ.

ಕಾವಲುಗಾರನ ಸಂಬಳ

ಸೆನ್ಸರ್ ಸ್ವಿಚ್ಚು ಹಗಲು ರಾತ್ರಿ ಎಚ್ಚರವಾಗಿರಬೇಕು. ಅದಕ್ಕೂ ವಿದ್ಯುತ್ ಬೇಕಲ್ಲವೇ? ಅದು ಅರ್ಧ ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. 24 ತಾಸಿಗೆ 0.5 × 24 = 12 ವ್ಯಾಟ್ ತಾಸು. ಇದು ಕಾವಲುಗಾರನ ದಿನದ ಸಂಬಳ.

ನಿಮ್ಮ ಎಲ್‌ಇಡಿ 9 ವ್ಯಾಟಿನದು. 12 ÷ 9 = 1.33 ತಾಸು, ಅಂದರೆ 1 ತಾಸು 20 ನಿಮಿಷ. ನಿಮ್ಮ ಮನೆಯಲ್ಲಿ ದೀಪವನ್ನು ದಿನಕ್ಕೆ 1 ತಾಸು 20 ನಿಮಿಷಕ್ಕಿಂತ ಕಡಿಮೆ ಮರೆಯುತ್ತಿದ್ದರೆ ಸೆನ್ಸರ್ ಉಳಿಸುವುದಕ್ಕಿಂತ ತಿನ್ನುವುದೇ ಹೆಚ್ಚು! ಮಜ್ಜಿಗೆ ಕಾಯಲು ಬೆಕ್ಕನ್ನು ಇಟ್ಟಂತಾಯಿತು. ದಿನಕ್ಕೆ 3 ತಾಸು ಮರೆಯುವ ಮನೆಯಲ್ಲಾದರೂ ಉಳಿಯುವುದು 27 - 12 = 15 ವ್ಯಾಟ್ ತಾಸು ಮಾತ್ರ.

ಹಾಗಾದರೆ ಸೆನ್ಸರ್ ಎಲ್ಲಿ ಉಪಯೋಗ? ನೂರಾರು ಜನ ಬಂದು ಹೋಗುವ ಬಸ್ ನಿಲ್ದಾಣದ ಶೌಚಾಲಯ, ಆಸ್ಪತ್ರೆಯ ಮೊಗಸಾಲೆ, ವಸತಿ ಶಾಲೆಯ ಸಾಲು ಬಚ್ಚಲುಗಳು ಇಂಥ ಕಡೆ. ಅಲ್ಲಿ "ಇದು ನನ್ನ ದೀಪ" ಎನ್ನುವವರು ಯಾರೂ ಇರುವುದಿಲ್ಲ. ಹಲವು ದೀಪಗಳು ರಾತ್ರಿಯಿಡೀ ಉರಿಯುತ್ತವೆ. ಅಲ್ಲಿ ಕಾವಲುಗಾರ ತನ್ನ ಸಂಬಳಕ್ಕಿಂತ ಬಹಳ ಹೆಚ್ಚು ಉಳಿಸಿಕೊಡುತ್ತಾನೆ. ಕೈಯೂರಿ ನಡೆಯುವ ಅಜ್ಜ ಅಜ್ಜಿಯರಿರುವ ಮನೆಯಲ್ಲಿ ರಾತ್ರಿ ದಾರಿಗೆ ತಾನೇ ದೀಪ ಹತ್ತಲಿ ಎಂದು ಸೆನ್ಸರ್ ಹಾಕಿಸುವುದೂ ಸರಿಯೇ. ಅದು ಉಳಿತಾಯಕ್ಕಲ್ಲ, ಸುರಕ್ಷತೆಗೆ. ಬೀಳದಂತೆ ಕಾಯುವ ಬೆಳಕು ಎಂದೂ ವ್ಯರ್ಥವಲ್ಲ. ಅಂಥ ಮನೆಯಲ್ಲಿ ರಾತ್ರಿಯಿಡೀ ಅರ್ಧ ವ್ಯಾಟಿನ ಪುಟ್ಟ ದೀಪ ಉರಿದರೂ ಅದಕ್ಕಾಗಿ ಯಾರನ್ನೂ ಗದರಿಸಬೇಡಿ.

ಇನ್ನೊಂದು ಹೋಲಿಕೆ ಮಾಡಿ. ನೀರು ಕಾಯಿಸುವ 1500 ವ್ಯಾಟಿನ ಕಾಯಿಲನ್ನು ಬೇಕಾದ್ದಕ್ಕಿಂತ 10 ನಿಮಿಷ ಹೆಚ್ಚು ಬಿಟ್ಟರೆ 250 ವ್ಯಾಟ್ ತಾಸು ಖರ್ಚು. ನಿಮ್ಮ 9 ವ್ಯಾಟಿನ ದೀಪ ಸುಮಾರು 28 ತಾಸು ಉರಿಯುವಷ್ಟು! ಅದೇ ಬಚ್ಚಲುಮನೆಯಲ್ಲಿ ನಮ್ಮ ಕಣ್ಣು ಮೊದಲು ಹೋಗಬೇಕಾದದ್ದು ಎಲ್ಲಿಗೆ, ನೀವೇ ಹೇಳಿ.

ಖರ್ಚಿಲ್ಲದ ಉಪಾಯಗಳು

ಸ್ವಿಚ್ಚು ಬದಲಿಸದೆಯೂ ಮಾಡಬಹುದಾದ ಕೆಲಸಗಳಿವೆ.

* ಬೋರ್ಡಿನಲ್ಲಿ ಬಚ್ಚಲುಮನೆಯ ಸ್ವಿಚ್ಚಿನ ಪಕ್ಕ ಒಂದು ಕೆಂಪು ಚುಕ್ಕೆಯ ಕಾಗದ ಅಂಟಿಸಿ. ನಾಲ್ಕರಲ್ಲಿ ಯಾವುದು ಎಂಬ ಗೊಂದಲ ತಪ್ಪುತ್ತದೆ.
* ಕೈ ಒರೆಸುವ ಬಟ್ಟೆಯನ್ನು ಹೊರಗೆ, ಸ್ವಿಚ್ಚಿನ ಹತ್ತಿರ ತೂಗುಹಾಕಿ. ಕೈ ಒಣಗುವ ಜಾಗವೂ ದೀಪ ಆರಿಸುವ ಜಾಗವೂ ಒಂದೇ ಆಗುತ್ತದೆ.
* ಬಾಗಿಲ ಮೇಲೆ ಗಾಜಿನ ಕಿಂಡಿ ಇದ್ದರೆ ಧೂಳು ಒರೆಸಿ. ಒಳಗಿನ ಬೆಳಕು ಹೊರಗೆ ಕಾಣಲಿ, ಹಗಲಿನ ಬೆಳಕು ಒಳಗೆ ಬರಲಿ. ಹಗಲಲ್ಲಿ ದೀಪವೇ ಬೇಕಾಗಲಿಕ್ಕಿಲ್ಲ.

ಎಚ್ಚರಿಕೆ!

* ಸ್ವಿಚ್ಚಿನ ಬೋರ್ಡನ್ನು ನೀವು ಎಂದೂ ಬಿಚ್ಚಬೇಡಿ. ಸ್ವಿಚ್ಚು ಬದಲಿಸುವುದು ತರಬೇತಿ ಪಡೆದ ವೈರ್‌ಮನ್ ಕೆಲಸ. ಅವರೂ ಮೇನ್ ಸ್ವಿಚ್ಚು ಆರಿಸಿ, ಟೆಸ್ಟರ್‌ನಿಂದ ಪರೀಕ್ಷಿಸಿದ ಮೇಲೆಯೇ ಕೈ ಹಾಕುತ್ತಾರೆ.
* ಸ್ವಿಚ್ಚು ಯಾವಾಗಲೂ ಫೇಸ್ ತಂತಿಯಲ್ಲಿಯೇ ಇರಬೇಕು. ನ್ಯೂಟ್ರಲ್ ತಂತಿಯಲ್ಲಿದ್ದರೂ ದೀಪ ಆರುತ್ತದೆ ನಿಜ, ಆದರೆ ಹೋಲ್ಡರಿನಲ್ಲಿ ವಿದ್ಯುತ್ ಹಾಗೇ ಇರುತ್ತದೆ. ಬಲ್ಬು ಬದಲಿಸಲು ಹೋದವರಿಗೆ ಆಘಾತವಾಗುತ್ತದೆ.
* ದೀಪದ 6 ಆಂಪಿಯರ್ ಸ್ವಿಚ್ಚಿಗೆ ಗೀಸರ್ ಅಥವಾ ಕಾಯಿಲ್ ಜೋಡಿಸಬಾರದು. ಅದಕ್ಕೆ 16 ಆಂಪಿಯರ್ ಸ್ವಿಚ್ಚು ಬೇಕು.
* ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟಬೇಡಿ. ದೀಪ ಉಳಿದರೆ ಉಳಿಯಲಿ, ಮೊದಲು ಕೈ ಒರೆಸಿಕೊಳ್ಳಿ.

ಮಾಡಿ ನೋಡಿ: ಚಿಲಕದ ಸ್ವಿಚ್ಚು

ಬೇಕಾಗುವ ವಸ್ತುಗಳು: 1.5 ವೋಲ್ಟಿನ 2 ಟಾರ್ಚ್ ಸೆಲ್ಲುಗಳು, ಒಂದು ಟಾರ್ಚ್ ಬಲ್ಬು, ತಂತಿಯ ತುಂಡುಗಳು, ದಪ್ಪ ರಟ್ಟು, 2 ಡ್ರಾಯಿಂಗ್ ಪಿನ್ನು, ಒಂದು ಐಸ್‌ಕ್ರೀಂ ಕಡ್ಡಿ, ಅಲ್ಯುಮಿನಿಯಂ ಹಾಳೆಯ ಚೂರು, ಅಂಟು ಪಟ್ಟಿ.

ವಿಧಾನ: ರಟ್ಟಿನಲ್ಲಿ ಒಂದು ಬಾಗಿಲನ್ನೂ ಅದರ ಚೌಕಟ್ಟನ್ನೂ ಕತ್ತರಿಸಿಕೊಳ್ಳಿ. ಚೌಕಟ್ಟಿನ ಮೇಲೆ, ಕಡ್ಡಿ ಬಂದು ಕೂರುವ ಜಾಗದಲ್ಲಿ, 1 ಸೆಂಟಿಮೀಟರ್ ಅಂತರದಲ್ಲಿ ಎರಡು ಪಿನ್ನು ಚುಚ್ಚಿ. ಸೆಲ್ಲು, ಬಲ್ಬು, ಪಿನ್ನುಗಳನ್ನು ತಂತಿಯಿಂದ ಒಂದೇ ಸಾಲಿನಲ್ಲಿ ಜೋಡಿಸಿ. ಪಿನ್ನುಗಳ ನಡುವಿನ ಜಾಗವೇ ಕಡಿದ ದಾರಿ. ಕಡ್ಡಿಯ ತುದಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ, ಬಾಗಿಲ ಮೇಲೆ ಜಾರುವಂತೆ ರಟ್ಟಿನ ಎರಡು ಬಳೆಗಳಲ್ಲಿ ತೂರಿಸಿ. ಕಡ್ಡಿಯನ್ನು ಸರಿಸಿದಾಗ ಅಲ್ಯುಮಿನಿಯಂ ಎರಡೂ ಪಿನ್ನುಗಳನ್ನು ಮುಟ್ಟಬೇಕು. ಬಲ್ಬು ಹತ್ತಿತೇ? ಚಿಲಕ ತೆಗೆದರೆ ಆರಿತೇ?

ಈ ಪ್ರಯೋಗವನ್ನು ಟಾರ್ಚ್ ಸೆಲ್ಲಿನಿಂದ ಮಾತ್ರ ಮಾಡಿ. ಮನೆಯ ವಿದ್ಯುತ್ತಿಗೆ ಎಂದೂ ಜೋಡಿಸಬೇಡಿ.

ಯೋಚಿಸಿ: ಕಡ್ಡಿಗೆ ಅಲ್ಯುಮಿನಿಯಂ ಸುತ್ತದಿದ್ದರೆ ಬಲ್ಬು ಏಕೆ ಹತ್ತುವುದಿಲ್ಲ? ಇದೇ ವಸ್ತುಗಳಿಂದ ಫ್ರಿಜ್ಜಿನ ಬಾಗಿಲ ಸ್ವಿಚ್ಚನ್ನು ಮಾಡಬಲ್ಲಿರಾ?

ಏಳು ದಿನಗಳ ಸಮೀಕ್ಷೆ

ನಿಮ್ಮ ಮನೆಗೆ ಯಾವ ಉಪಾಯ ಸರಿ ಎಂಬುದನ್ನು ಈ ಲೇಖನ ಹೇಳಲಾರದು. ಅದನ್ನು ನೀವೇ ಅಳೆದು ಹೇಳಬೇಕು. ವಿಜ್ಞಾನದ ದಾರಿಯೇ ಅದು.

ಒಂದು ಹಾಳೆಯಲ್ಲಿ ಸೋಮವಾರದಿಂದ ಭಾನುವಾರದವರೆಗೆ ಏಳು ಸಾಲು ಹಾಕಿ ಬಚ್ಚಲುಮನೆಯ ಹೊರಗೆ ಅಂಟಿಸಿ. ಖಾಲಿ ಇದ್ದಾಗ ದೀಪ ಉರಿಯುತ್ತಿರುವುದನ್ನು ಕಂಡವರು ಆರಿಸಿ, ಒಂದು ಗೆರೆ ಎಳೆಯಲಿ. ಎಷ್ಟು ನಿಮಿಷ ಉರಿದಿರಬಹುದು ಎಂದು ಅಂದಾಜು ಬರೆಯಲಿ. ಯಾರು ಮರೆತರು ಎಂದು ಮಾತ್ರ ಬರೆಯಬೇಡಿ. ಹೆಸರು ಬರೆದರೆ ಜಗಳ ಆರಂಭವಾಗುತ್ತದೆ, ಲೆಕ್ಕ ನಿಂತುಹೋಗುತ್ತದೆ.

ಒಂದು ಸಂಜೆ ಮನೆಯವರ ಒಪ್ಪಿಗೆ ಪಡೆದು, ಉಳಿದ ಎಲ್ಲ ಸಾಧನಗಳನ್ನು ಆರಿಸಿ, ಬಚ್ಚಲುಮನೆಯ ದೀಪ ಮಾತ್ರ ಹಚ್ಚಿ. ಹಿರಿಯರೊಡನೆ ಮೀಟರಿನ ಮುಂದೆ ನಿಂತು, ಮುಟ್ಟದೆ ನೋಡಿ. ಅದರ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆಂದು ಮೀಟರಿನ ಮೇಲೆಯೇ ಬರೆದಿರುತ್ತದೆ. 3200 ಎಂದಿದ್ದರೆ 9 ವ್ಯಾಟಿನ ದೀಪಕ್ಕೆ ಸುಮಾರು 2 ನಿಮಿಷಕ್ಕೊಮ್ಮೆ, 60 ವ್ಯಾಟಿನ ದೀಪಕ್ಕೆ ಸುಮಾರು 19 ಸೆಕೆಂಡಿಗೊಮ್ಮೆ ಮಿನುಗಬೇಕು. ನಿಮ್ಮ ಮೀಟರಿನಲ್ಲಿ ಎಷ್ಟು ಸೆಕೆಂಡು? ಅದಕ್ಕಿಂತ ಬೇಗ ಮಿನುಗಿದರೆ ಮನೆಯಲ್ಲಿ ಇನ್ನೇನೋ ಉರಿಯುತ್ತಿದೆ. ಹುಡುಕಿ!

ಏಳನೆಯ ದಿನ ನಿಮಿಷಗಳನ್ನೆಲ್ಲ ಕೂಡಿಸಿ, 7ರಿಂದ ಭಾಗಿಸಿ ದಿನದ ಸರಾಸರಿ ತೆಗೆಯಿರಿ. 80 ನಿಮಿಷಕ್ಕಿಂತ ಕಡಿಮೆ ಬಂದರೆ ಕೆಂಪು ಚುಕ್ಕೆ ಅಥವಾ ಸೂಚಕ ದೀಪವೇ ಸಾಕು. ಹೆಚ್ಚು ಬಂದರೆ ಮನೆಯವರೆಲ್ಲ ಕುಳಿತು ಈ ಲೆಕ್ಕವನ್ನು ಮುಂದಿಟ್ಟುಕೊಂಡು ಮಾತಾಡಿ. ಅಜ್ಜಿಯನ್ನೂ ಕರೆಯಿರಿ. ನಿಮ್ಮ ಶಾಲೆಯ ಶೌಚಾಲಯದ ದೀಪಗಳಿಗೂ ಇದೇ ಸಮೀಕ್ಷೆ ಮಾಡಿ, ಫಲಿತಾಂಶವನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ, ಗೋಡೆ ಪತ್ರಿಕೆಯಲ್ಲಿ ಹಾಕಿ.